ಬಿಲ್ಕಿಸ್ ಕೇಳಿದ ನ್ಯಾಯ ನಮಗೆ ಸಂಬಂಧಿಸಿದ್ದಲ್ಲವೇ?

ವರದಕ್ಷಿಣೆ ಸಾವು, ಗಂಡನ ಹೊಡೆತ, ಕುಡಿತದ ಕಾಟ ಇವುಗಳ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಗುಜರಾತಿನ ಕೋಮುಗಲಭೆಯ ವಿಷಯ ಏಕೆ ಎಂದು ಕೆಲವು ಗೆಳತಿಯರು ಕೇಳಬಹುದು. ಕೇಳಿಯೂ ಇದ್ದಾರೆ. ನಮ್ಮ ಒಕ್ಕೂಟದ ಸಭೆಯಲ್ಲಿ ಬಿಲ್ಕಿಸ್ ಬಾನೊ ಹೆಸರು ಎತ್ತಿದಾಗ ಒಬ್ಬಾಕೆ, "ಅಕ್ಕಾ, ಅದು ಹಿಂದೂ ಮುಸ್ಲಿಂ ಗಲಾಟೆ. ರಾಜಕೀಯದವರ ವಿಷಯ. ನಮ್ಮ ಸಂಘದೊಳಗೆ ಅದು ಬೇಡ" ಎಂದಳು. ಆಕೆ ಕಲ್ಲುಮನಸ್ಸಿನವಳಲ್ಲ. ಕುಡಿದು ಬಂದು ಬಡಿಯುತ್ತಿದ್ದ ಪಕ್ಕದ ಮನೆಯವನ ಕೈಯಿಂದ ಅವನ ಹೆಂಡತಿಯನ್ನು ಬಿಡಿಸಿ, ಎಂಟು ದಿನ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದವಳು. ಅಂಥವಳ ಬಾಯಲ್ಲಿ ಈ ಮಾತು ಬಂದದ್ದರಿಂದಲೇ ನಾನಿದನ್ನು ಬರೆಯಬೇಕಾಯಿತು.

ಗಲಾಟೆ ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಗಲಾಟೆಯೆಂದರೆ ಎರಡೂ ಕಡೆಯವರು ಕೈ ಎತ್ತಬೇಕು. ಐದು ತಿಂಗಳ ಬಸುರಿ, ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಹೊತ್ತು ಓಡುತ್ತಿದ್ದವಳು ಯಾರ ಮೇಲೆ ಕೈ ಎತ್ತಿದ್ದಳು?

ನಡೆದದ್ದನ್ನು ತಿಳಿಯದವರಿಗಾಗಿ ಹೇಳುತ್ತೇನೆ. 2002ರ ಫೆಬ್ರವರಿ 27ರಂದು ಗೋಧ್ರಾದಲ್ಲಿ ಸಾಬರಮತಿ ಎಕ್ಸ್‌ಪ್ರೆಸ್ ರೈಲಿನ ಒಂದು ಬೋಗಿಗೆ ಬೆಂಕಿ ಬಿದ್ದು, ಹೆಂಗಸರು ಮಕ್ಕಳೂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದು ಘೋರವೇ. ಮರುದಿನದಿಂದ ಗುಜರಾತಿನುದ್ದಕ್ಕೂ ಮುಸ್ಲಿಮರ ಮನೆ, ಅಂಗಡಿ, ಜೀವಗಳ ಮೇಲೆ ದಾಳಿ ನಡೆಯಿತು. ದಾಹೋದ್ ಜಿಲ್ಲೆಯ ರಂಧೀಕಪುರ ಎಂಬ ಹಳ್ಳಿಯಿಂದ ಬಿಲ್ಕಿಸ್ ತನ್ನವರೊಂದಿಗೆ ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟಳು. ಆಗ ಅವಳಿಗೆ 21 ವರ್ಷ. ಜೊತೆಯಲ್ಲಿದ್ದ ಚಿಕ್ಕಮ್ಮನ ಪೈಕಿಯ ತಂಗಿಗೆ ದಾರಿಯಲ್ಲೇ ಹೆರಿಗೆಯಾಯಿತು. ಮಾರ್ಚ್ 3ರಂದು ಛಾಪರವಾಡ ಗ್ರಾಮದ ಹತ್ತಿರ ಗುಂಪು ಅವರನ್ನು ಸುತ್ತುವರಿಯಿತು. ಬಿಲ್ಕಿಸ್ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವಳ ತಾಯಿಯ ಮೇಲೆ, ಹಸಿಬಾಣಂತಿಯಾಗಿದ್ದ ಆ ತಂಗಿಯ ಮೇಲೂ ನಡೆಯಿತು, ಅವರನ್ನು ಕೊಂದರು. ಎರಡು ದಿನದ ಕೂಸನ್ನೂ ಬಿಡಲಿಲ್ಲ. ಮಗಳು ಸಾಲೇಹಾಳನ್ನು ನೆಲಕ್ಕೆ ಅಪ್ಪಳಿಸಿ ಕೊಂದರು. ಒಟ್ಟು 14 ಜೀವಗಳು. ಸತ್ತಳೆಂದು ಬಿಟ್ಟುಹೋದದ್ದರಿಂದ ಬಿಲ್ಕಿಸ್ ಉಳಿದಳು.

ಮಾಡಿದವರು ಎಲ್ಲಿಂದಲೋ ಬಂದ ದರೋಡೆಕೋರರಲ್ಲ. ಅದೇ ಊರಿನವರು, ಅವಳು ಹೆಸರು ಹಿಡಿದು ಹೇಳಬಲ್ಲ ನೆರೆಯವರು.

ಪ್ರಜ್ಞೆ ಬಂದ ಮೇಲೆ ಮೈಮೇಲೆ ಬಟ್ಟೆಯಿಲ್ಲದೆ ನೀರು ಹುಡುಕುತ್ತ ಹೋದ ಅವಳಿಗೆ ಕೈಪಂಪಿನ ಬಳಿ ಒಬ್ಬ ಆದಿವಾಸಿ ಹೆಂಗಸು ಉಡಲು ಬಟ್ಟೆ ಕೊಟ್ಟಳು. ಈ ಮಾತನ್ನು ಬಿಲ್ಕಿಸ್‌ಳೇ ಹೇಳಿದ್ದಾಳೆ. ಆ ತಾಯಿ ನೀನು ಯಾವ ಜಾತಿ ಎಂದು ಕೇಳಿ ಬಟ್ಟೆ ಕೊಡಲಿಲ್ಲ. ಆಮೇಲೆ ಹದಿನೈದು ವರ್ಷ ನಡೆದ ಮೊಕದ್ದಮೆಯ ದೊಡ್ಡ ದೊಡ್ಡ ಹೆಸರುಗಳ ನಡುವೆ ಆಕೆಯ ನೆನಪು ಹಿಂದೆ ಬೀಳುತ್ತದೆ. ನನಗೆ ಮಾತ್ರ ಆಕೆಯೇ ಮೊದಲು ನೆನಪಾಗುವುದು.

ಇನ್ನು ಠಾಣೆಯ ಕತೆ. ಇದನ್ನು ನಮ್ಮ ಸಂಘದ ಪ್ರತಿಯೊಬ್ಬರೂ ಗಮನವಿಟ್ಟು ಓದಬೇಕು, ಏಕೆಂದರೆ ಇದು ನಮಗೆ ಚೆನ್ನಾಗಿ ಗೊತ್ತಿರುವ ಕತೆಯೇ. ಮಾರ್ಚ್ 4ರಂದು ಲೀಮಖೇಡಾ ಠಾಣೆಯಲ್ಲಿ ಅವಳು ಹೆಸರುಗಳನ್ನು ಹೇಳಿದಳು, ಅತ್ಯಾಚಾರವಾಯಿತೆಂದು ಹೇಳಿದಳು. ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡದ್ದೇ ಬೇರೆ. ಆರೋಪಿಗಳ ಹೆಸರಿಲ್ಲ, ಅತ್ಯಾಚಾರದ ಮಾತಿಲ್ಲ. ಓದು ಬರಹ ಬಾರದ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡದ್ದಾಯಿತು. ಸಿಕ್ಕ ಹೆಣಗಳಿಗೆ ನೆಪಕ್ಕೊಂದು ಪೋಸ್ಟ್‌ಮಾರ್ಟಂ ಮಾಡಿ ಹೂತರು. ಬೇಗ ಕರಗಲೆಂದು ಉಪ್ಪು ಸುರಿದಿದ್ದರೆಂದು ಆಮೇಲೆ ಸಿ.ಬಿ.ಐ. ಹೇಳಿತು. ಸಾಲೇಹಾಳ ಹೆಣವಂತೂ ಸಿಗಲೇ ಇಲ್ಲ. 2003ರಲ್ಲಿ, ಘಟನೆ ನಿಜ ಆದರೆ ಆರೋಪಿಗಳು ಪತ್ತೆಯಾಗಲಿಲ್ಲ ಎಂದು ಪೋಲೀಸರು ಕೊಟ್ಟ ವರದಿಯನ್ನು ಮ್ಯಾಜಿಸ್ಟ್ರೇಟರು ಒಪ್ಪಿಕೊಂಡು ಕಡತ ಮುಚ್ಚಿದರು. ಹೆಸರು ಹೇಳಿದವಳು ಕಣ್ಣೆದುರಿಗೇ ಇದ್ದಾಳೆ, ಆರೋಪಿಗಳು ಅದೇ ಊರಿನಲ್ಲಿದ್ದಾರೆ, ಆದರೂ ಪತ್ತೆಯಿಲ್ಲ!

ಈಗ ಹೇಳಿ, ಸೊಸೆ ಸುಟ್ಟು ಸತ್ತಾಗ ನಮ್ಮ ಠಾಣೆಗಳಲ್ಲಿ ಬರೆಯುವುದೇನು? ಸ್ಟೋವ್ ಸಿಡಿಯಿತು. ಹಾಲು ಕಾಯಿಸಲು ಹೋಗಿ ಸೆರಗಿಗೆ ಬೆಂಕಿ ತಗುಲಿತು. ಹೊಟ್ಟೆನೋವು ತಾಳಲಾರದೆ ಬಾವಿಗೆ ಬಿದ್ದಳು. ಅತ್ತೆ ಮಂಚದ ಪಕ್ಕದಲ್ಲೇ ನಿಂತಿರುವಾಗ ಮರಣ ಹೇಳಿಕೆ ತೆಗೆದುಕೊಳ್ಳುತ್ತಾರೆ. ತವರಿನವರು ಬರುವಷ್ಟರಲ್ಲಿ ಹೆಣ ಬೂದಿಯಾಗಿರುತ್ತದೆ. ಮದುವೆಯಾಗಿ ಏಳು ವರ್ಷದೊಳಗೆ ಸತ್ತರೆ ತಹಸೀಲ್ದಾರರೇ ಬಂದು ಪಂಚನಾಮೆ ಮಾಡಬೇಕೆಂದು ನಾವು ಹಟ ಹಿಡಿಯಲು ಕಲಿತದ್ದು ಇಂಥ ಸಾವುಗಳನ್ನು ನೋಡಿ ನೋಡಿಯೇ. ಮೊದಲ ದಿನದ ಕಾಗದ ಕೆಟ್ಟರೆ ಕೇಸು ಕೆಟ್ಟಿತು. ಲೀಮಖೇಡಾದಲ್ಲಿ ಮಾಡಿದ್ದೂ ಇದನ್ನೇ. ವಿದ್ಯೆ ಒಂದೇ, ಮನೆ ಬೇರೆ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಮತ್ತು ಆ ವ್ಯತ್ಯಾಸವನ್ನು ಮುಚ್ಚಿಡಬಾರದು. ಗಂಡನ ಮನೆಯಲ್ಲಿ ನೊಂದ ಹೆಣ್ಣಿಗೆ ಹೆಸರಿಗಾದರೂ ಒಂದು ತವರುಮನೆ ಇರುತ್ತದೆ. ಬಾಗಿಲು ತೆಗೆಯುತ್ತಾರೋ ಇಲ್ಲವೋ, ಇರುತ್ತದೆ. ಕೋಮುಗಲಭೆಯಲ್ಲಿ ಸಿಕ್ಕ ಹೆಣ್ಣಿಗೆ ತವರು, ಗಂಡನ ಮನೆ, ಇಡೀ ಓಣಿ ಒಂದೇ ದಿನ ಹೋಗುತ್ತದೆ. ಸಾಕ್ಷಿ ಹೇಳಬೇಕಾದ ಬಂಧುಗಳೇ ಹೆಣವಾಗಿರುತ್ತಾರೆ. ಉಳಿದ ಸಾಕ್ಷಿಗಳು ನಿರಾಶ್ರಿತರ ಶಿಬಿರದಲ್ಲಿರುತ್ತಾರೆ, ಆರೋಪಿಗಳು ಊರಿನಲ್ಲಿರುತ್ತಾರೆ. ದೂರು ಕೊಟ್ಟವಳು ಊರಿಗೆ ಮರಳುವ ಹಾಗಿಲ್ಲ. ಬಿಲ್ಕಿಸ್ ಮತ್ತು ಅವಳ ಗಂಡ ಹತ್ತಾರು ಸಲ ಮನೆ ಬದಲಾಯಿಸಿದರು.

ಇನ್ನೊಂದು ಮಾತು. ಇಲ್ಲಿ ಹೆಣ್ಣಿನ ಮೇಲೆ ಬೀಳುವವನು ತಾನು ತಪ್ಪು ಮಾಡುತ್ತಿದ್ದೇನೆಂದು ಅಂದುಕೊಳ್ಳುವುದೇ ಇಲ್ಲ. ತನ್ನ ಧರ್ಮದ ಕೆಲಸ ಮಾಡಿದೆನೆಂದು ಬೀಗುತ್ತಾನೆ. "ಅವರ" ಹೆಣ್ಣನ್ನು ಕೆಡಿಸಿದರೆ "ಅವರ" ಮಾನ ಹೋಯಿತೆಂಬ ಲೆಕ್ಕ. ಹೊಲದ ಬದು ಕಿತ್ತ ಹಾಗೆ, ಬಣವೆಗೆ ಬೆಂಕಿ ಇಟ್ಟ ಹಾಗೆ. 1947ರ ದೇಶ ವಿಭಜನೆಯಲ್ಲಿ ಹಿಂದೂ, ಸಿಖ್, ಮುಸ್ಲಿಂ ಎಲ್ಲ ಹೆಣ್ಣುಗಳ ಮೇಲೂ ಈ ಲೆಕ್ಕ ತೀರಿಸಿದರು. ಮಾನವನ್ನು ಹೆಣ್ಣಿನ ಮೈಯಲ್ಲಿ ಇಟ್ಟವರು ಯಾರು? ಎರಡೂ ಕಡೆಯ ಗಂಡಸರೇ ಅಲ್ಲವೇ? ಆದ್ದರಿಂದಲೇ ಅವಳ ಸ್ವಂತ ಸಮುದಾಯದ ಹಿರಿಯರೂ ಅನೇಕ ಸಲ, ಹೋದದ್ದು ಹೋಯಿತು, ಬಾಯಿ ಬಿಟ್ಟರೆ ಇನ್ನೂ ಮರ್ಯಾದೆ ಹೋಗುತ್ತದೆ ಎನ್ನುತ್ತಾರೆ. ಬಿಲ್ಕಿಸ್ ಬಾಯಿ ಬಿಟ್ಟಳು. ಅವಳ ಗಂಡ ಕೊನೆಯವರೆಗೂ ಜೊತೆಗೆ ನಿಂತ. ಇದು ಸಣ್ಣ ಮಾತಲ್ಲ. ಎಷ್ಟು ಮನೆಗಳಲ್ಲಿ ಹಾಗೆ ನಿಲ್ಲುತ್ತಾರೆ ಎಂದು ನಮ್ಮನಮ್ಮಲ್ಲೇ ಕೇಳಿಕೊಳ್ಳೋಣ.

ಅವಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋದಳು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. 2003ರ ಡಿಸೆಂಬರಿನಲ್ಲಿ ತನಿಖೆ ಸಿ.ಬಿ.ಐ.ಗೆ ಹೋಯಿತು. ಕೊಲೆ ಬೆದರಿಕೆಗಳು ಬಂದದ್ದರಿಂದ 2004ರಲ್ಲಿ ಸುಪ್ರೀಂ ಕೋರ್ಟು ವಿಚಾರಣೆಯನ್ನೇ ಗುಜರಾತಿನಿಂದ ಮುಂಬಯಿಗೆ ವರ್ಗಾಯಿಸಿತು. 2008ರ ಜನವರಿ 21ರಂದು ವಿಶೇಷ ನ್ಯಾಯಾಲಯ 11 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸುಳ್ಳು ಬರೆದ ಹೆಡ್ ಕಾನ್‌ಸ್ಟೇಬಲ್‌ಗೆ ಮೂರು ವರ್ಷ. ಉಳಿದ ಪೋಲೀಸರು, ವೈದ್ಯರು ಬಿಡುಗಡೆಯಾದರು. ಅದನ್ನೂ ಅವಳ ಕಡೆಯವರು ಬಿಡಲಿಲ್ಲ. 2017ರ ಮೇ 4ರಂದು ಮುಂಬಯಿ ಹೈಕೋರ್ಟು ಆ 11 ಮಂದಿಯ ಶಿಕ್ಷೆಯನ್ನು ಎತ್ತಿಹಿಡಿದು, ಐವರು ಪೋಲೀಸರು ಮತ್ತು ಇಬ್ಬರು ವೈದ್ಯರನ್ನೂ ತಪ್ಪಿತಸ್ಥರೆಂದಿತು. ಅವರು ಹೊಸದಾಗಿ ಜೈಲು ನೋಡಲಿಲ್ಲ, ದಂಡ ಕಟ್ಟಿ ಹೋದರು. ಆದರೂ ದಾಖಲೆ ತಿದ್ದಿದ ಪೋಲೀಸ, ಪೋಸ್ಟ್‌ಮಾರ್ಟಂನಲ್ಲಿ ಮೋಸ ಮಾಡಿದ ವೈದ್ಯ ಅಪರಾಧಿಗಳೆಂದು ಹೈಕೋರ್ಟಿನ ತೀರ್ಪಿನಲ್ಲಿ ಬರೆದಿದೆ. ವರದಕ್ಷಿಣೆ ಸಾವಿನ ಕೇಸು ನಡೆಸುವ ನಮ್ಮ ವಕೀಲೆಯರು ಈ ತೀರ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಠಾಣೆಗೆ ಹೋಗಬೇಕೆಂದು ನನ್ನ ಆಸೆ.

ಗುಜರಾತ್ ಸರ್ಕಾರ 5 ಲಕ್ಷ ರೂಪಾಯಿ ಕೊಡಲು ಬಂದಾಗ ಅವಳು ಬೇಡವೆಂದಳು. 2019ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟು 50 ಲಕ್ಷ ರೂಪಾಯಿ, ಸರ್ಕಾರಿ ಕೆಲಸ, ಮನೆ ಕೊಡುವಂತೆ ಆದೇಶಿಸಿತು. ಐದು ಲಕ್ಷಕ್ಕೆ ತೃಪ್ತಿಪಡಬಾರದಿತ್ತೇ ಎಂದು ನಮ್ಮಲ್ಲೂ ಕೆಲವರು ಮಾತಾಡಿದ್ದನ್ನು ಕೇಳಿದ್ದೇನೆ. ಮಗಳು ಸತ್ತ ಮೇಲೆ ಅಳಿಯನ ಮನೆಯವರು ಕೊಡುವ ದುಡ್ಡಿಗೆ ಪಂಚಾಯ್ತಿ ಕಟ್ಟೆಯಲ್ಲಿ ರಾಜಿ ಮಾಡಿಸುವ ಹಿರಿಯರದೂ ಇದೇ ಮಾತು.

ಇಷ್ಟಾದ ಮೇಲೆ 2022ರ ಆಗಸ್ಟ್ 15 ಬಂತು. ಸ್ವಾತಂತ್ರ್ಯದ 75ನೆಯ ವರ್ಷ. ಅಂದು ಬೆಳಿಗ್ಗೆ ಕೆಂಪು ಕೋಟೆಯಿಂದ ಹೆಣ್ಣನ್ನು ಅವಮಾನಿಸುವ ನಡತೆ ಬಿಡಿ ಎಂಬ ಭಾಷಣವಾಯಿತು. ಅಂದೇ ಗೋಧ್ರಾ ಜೈಲಿನಿಂದ ಆ 11 ಮಂದಿ ಹೊರಗೆ ಬಂದರು. ಗುಜರಾತ್ ಸರ್ಕಾರ 1992ರ ಹಳೆಯ ನೀತಿಯನ್ನು ತೆಗೆದು, ಸನ್ನಡತೆಯೆಂದು ಅವರ ಉಳಿದ ಶಿಕ್ಷೆಯನ್ನು ಮನ್ನಾ ಮಾಡಿತ್ತು. ಅವರಿಗೆ ಹಾರ ಹಾಕಿದರು, ಸಿಹಿ ತಿನ್ನಿಸಿದರು. ಮನ್ನಾಕ್ಕೆ ಶಿಫಾರಸು ಮಾಡಿದ ಸಮಿತಿಯಲ್ಲಿದ್ದ ಒಬ್ಬ ಶಾಸಕರು, ಅವರಲ್ಲಿ ಕೆಲವರು ಬ್ರಾಹ್ಮಣರು, ಒಳ್ಳೆಯ ಸಂಸ್ಕಾರದವರು ಎಂದರು. ಸನ್ನಡತೆ! ಜೈಲಿನಲ್ಲಿದ್ದಾಗಲೂ ಅವರಲ್ಲಿ ಬಹುಪಾಲು ಜನ ಸಾವಿರಕ್ಕೂ ಹೆಚ್ಚು ದಿನ ಪೆರೋಲ್ ಮತ್ತಿತರ ರಜೆಗಳ ಮೇಲೆ ಹೊರಗಿದ್ದವರು. ಹೆಂಡತಿಯನ್ನು ಸುಟ್ಟವನ ಬಗ್ಗೆಯೂ, "ಹುಡುಗ ಬಹಳ ಒಳ್ಳೆಯವನು, ಯಾವ ಚಟವೂ ಇಲ್ಲ" ಎಂದು ಓಣಿಯವರು ಸರ್ಟಿಫಿಕೇಟ್ ಕೊಡುವುದಿಲ್ಲವೇ? ಹಾಗೆಯೇ.

ಬಿಡುಗಡೆಗೆ ಮುನ್ನ ಬಿಲ್ಕಿಸ್‌ಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಯಾವ ಹೆಣ್ಣಿಗಾದರೂ ನ್ಯಾಯ ಹೀಗೆ ಮುಗಿಯಲು ಸಾಧ್ಯವೇ ಎಂದು ಅವಳು ಕೇಳಿದಳು. ಅವಳಿಗೆ ಮಾತೇ ಹೊರಡದಂತಾಗಿದ್ದ ಆ ದಿನಗಳಲ್ಲಿ ಮೊದಲು ಕೋರ್ಟಿನ ಮೆಟ್ಟಿಲು ಹತ್ತಿದವರು ಸುಭಾಷಿಣಿ ಅಲಿ, ಪತ್ರಕರ್ತೆ ರೇವತಿ ಲಾಲ್, ಪ್ರಾಧ್ಯಾಪಕಿ ರೂಪ್ ರೇಖಾ ವರ್ಮಾ. ಮೂವರೂ ಹೆಂಗಸರು. ಬೇರೆಯವರೂ ಅರ್ಜಿ ಹಾಕಿದರು. ನಮ್ಮ ಕರ್ನಾಟಕದ ಹಲವು ಜಿಲ್ಲೆಗಳಲ್ಲೂ ಸಹಿ ಸಂಗ್ರಹ ನಡೆಯಿತು. ನವೆಂಬರಿನಲ್ಲಿ ಬಿಲ್ಕಿಸ್ ತಾನೇ ಅರ್ಜಿ ಹಾಕಿದಳು.

2024ರ ಜನವರಿ 8ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಆ ಬಿಡುಗಡೆಯನ್ನು ರದ್ದು ಮಾಡಿದರು. ನಾಗರತ್ನ ಅವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದವರೆಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಶಿಕ್ಷೆ ಕೊಟ್ಟದ್ದು ಮಹಾರಾಷ್ಟ್ರದ ನ್ಯಾಯಾಲಯ, ಆದ್ದರಿಂದ ಮನ್ನಾ ಮಾಡುವ ಅಧಿಕಾರ ಗುಜರಾತಿಗೆ ಇರಲೇ ಇಲ್ಲ. ಇಲ್ಲದ ಅಧಿಕಾರವನ್ನು ಕಸಿದುಕೊಂಡಿದೆ ಎಂದಿತು ತೀರ್ಪು. 2022ರ ಮೇ ತಿಂಗಳಿನಲ್ಲಿ ಅಪರಾಧಿಯೊಬ್ಬ ಅದೇ ಕೋರ್ಟಿನಿಂದ ಪಡೆದಿದ್ದ ಆದೇಶವೂ ನಿಜಾಂಶ ಮುಚ್ಚಿಟ್ಟು, ಮೋಸದಿಂದ ಪಡೆದದ್ದು ಎಂದಿತು. ಎರಡು ವಾರದೊಳಗೆ ಅವರು ಮರಳಿ ಜೈಲಿಗೆ ಹೋಗಬೇಕಾಯಿತು.

ಎಲ್ಲರಿಗೂ ಇಷ್ಟೂ ಸಿಗುವುದಿಲ್ಲ. ಒಡಿಶಾದ ಕಂಧಮಾಲ್‌ನಲ್ಲಿ 2008ರ ಆಗಸ್ಟಿನಲ್ಲಿ ಕ್ರೈಸ್ತರ ಮೇಲೆ ದಾಳಿಯಾದಾಗ ಒಬ್ಬ ಕ್ರೈಸ್ತ ಸನ್ಯಾಸಿನಿಯ ಮೇಲೆ ಅತ್ಯಾಚಾರವಾಯಿತು. 2014ರಲ್ಲಿ ಮೂವರಿಗೆ ಶಿಕ್ಷೆಯಾಯಿತು, ಆರು ಮಂದಿ ಬಿಡುಗಡೆಯಾದರು. ಉತ್ತರ ಪ್ರದೇಶದ ಮುಜಫ್ಫರನಗರದಲ್ಲಿ 2013ರ ಗಲಭೆಯ ನಂತರ ಏಳು ಜನ ಮುಸ್ಲಿಂ ಹೆಂಗಸರು ದೂರು ಕೊಟ್ಟಿದ್ದರು. ಒಬ್ಬಾಕೆ ತೀರಿಕೊಂಡಳು. ಬೆದರಿಕೆಗೆ ಕೆಲವರು ಹೇಳಿಕೆ ಬದಲಾಯಿಸಿದರು. ಕೊನೆಗೆ ಹಿಂಜರಿಯದೆ ನಿಂತ ಒಬ್ಬಳೇ ಒಬ್ಬಳ ಕೇಸಿನಲ್ಲಿ, ಹತ್ತು ವರ್ಷ ಕಳೆದು 2023ರ ಮೇ ತಿಂಗಳಿನಲ್ಲಿ ಇಬ್ಬರಿಗೆ 20 ವರ್ಷದ ಶಿಕ್ಷೆಯಾಯಿತು. ಮಣಿಪುರದಲ್ಲಿ 2023ರ ಮೇ 4ರಂದು ಕುಕಿ ಹೆಂಗಸರನ್ನು ಬೆತ್ತಲೆ ನಡೆಸಿದ್ದಕ್ಕೆ ಮೇ 18ರಂದೇ ಎಫ್.ಐ.ಆರ್. ಆಗಿತ್ತು. ಅದು ಸಂಬಂಧಪಟ್ಟ ಠಾಣೆಗೆ ತಲುಪಲು ಒಂದು ತಿಂಗಳು ಮೇಲಾಯಿತು. ಮೊದಲ ಬಂಧನವಾದದ್ದು ಜುಲೈ ತಿಂಗಳಿನಲ್ಲಿ ವೀಡಿಯೊ ಹರಡಿ ದೇಶವೆಲ್ಲ ನೋಡಿದ ಮೇಲೆ.

ಹಾಗೆಂದು ಕಾನೂನು ಕೆಲಸಕ್ಕೆ ಬಾರದು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಠಾಣೆಗೆ ಹೋಗಬೇಕಾಗಿ ಬಂದವರಲ್ಲ. 2013ರಲ್ಲಿ ಕಾನೂನು ತಿದ್ದುಪಡಿಯಾಗಿ, ಕೋಮುಗಲಭೆಯ ಸಮಯದಲ್ಲಿ ಮಾಡುವ ಅತ್ಯಾಚಾರಕ್ಕೆ ಹೆಚ್ಚಿನ ಶಿಕ್ಷೆಯ ಪ್ರತ್ಯೇಕ ಕಲಂ ಬಂತು. ಮುಜಫ್ಫರನಗರದ ಶಿಕ್ಷೆಯಾದದ್ದು ಅದರಡಿಯಲ್ಲೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 64ನೆಯ ಕಲಮಿನ ಎರಡನೆಯ ಉಪಕಲಮಿನಲ್ಲಿದೆ. ಅತ್ಯಾಚಾರದ ದೂರು ಬರೆದುಕೊಳ್ಳದ ಪೋಲೀಸ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಎಂದು ಅದೇ ಸಂಹಿತೆಯ 199ನೆಯ ಕಲಂ ಹೇಳುತ್ತದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ನಮ್ಮ ಸರಹದ್ದಲ್ಲ ಎಂದು ಅಟ್ಟುವ ಹಾಗಿಲ್ಲ. ಎಫ್.ಐ.ಆರ್. ಪ್ರತಿ ಉಚಿತ. ಸರ್ಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆಯವರು ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟು 2013ರಲ್ಲೂ 2022ರಲ್ಲೂ ಖಂಡಿಸಿದೆ. ಯಾವ ವೈದ್ಯರೂ ಅದನ್ನು ಮಾಡಕೂಡದು. ಹೆಣ್ಣಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. 2018ರ ಪರಿಹಾರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಮುಖ್ಯವಾಗಿ, ಬರೆದದ್ದನ್ನು ಓದಿ ಹೇಳದೆ ಹೆಬ್ಬೆಟ್ಟು ಕೇಳಿದರೆ ಕೊಡಬೇಡಿ. ನಮ್ಮ ಸಂಘಗಳಲ್ಲಿ ಸಹಿ ಮಾಡಲು ಕಲಿಸಿದ್ದು ಬ್ಯಾಂಕಿನ ಪಾಸ್ ಪುಸ್ತಕಕ್ಕೆ ಮಾತ್ರವಲ್ಲ.

ಆದರೆ ಠಾಣೆಗೆ ಒಬ್ಬಳೇ ಹೋಗುವ ಮುಸ್ಲಿಂ ಅಥವಾ ಕ್ರೈಸ್ತ ಹೆಣ್ಣಿಗೆ ಈ ಕಲಂಗಳು ಎಷ್ಟು ದೂರ ಬರುತ್ತವೆ? ಊರು ಕಾದಿರುವಾಗ ಅವಳ ಜೊತೆ ಅವಳವರೇ ಹೋದರೆ ಗುಂಪು ಕಟ್ಟಿಕೊಂಡು ಬಂದರೆನ್ನುತ್ತಾರೆ. ಅವಳ ಪಕ್ಕದಲ್ಲಿ ಕುಂಕುಮವಿಟ್ಟ ನಾಲ್ಕು ಹೆಂಗಸರು ನಿಂತರೆ ಬರೆಯುವ ಕೈಯ ಧಾಟಿಯೇ ಬದಲಾಗುತ್ತದೆ. ಹೀಗಾಗಬಾರದು ನಿಜ. ಆದರೆ ಇಂದು ಇರುವುದು ಹೀಗೆ, ಮತ್ತು ಆ ಬಲ ನಮ್ಮ ಕೈಯಲ್ಲಿದೆ.

ನಿಲ್ಲಬೇಕಾದರೆ ಮೊದಲು ಪರಿಚಯವಿರಬೇಕು. ನಮ್ಮ ಅನೇಕ ಊರುಗಳಲ್ಲಿ ಸಂಘಗಳೇ ಓಣಿಗೊಂದಾಗಿ ಒಡೆದುಹೋಗಿವೆ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಮುಸ್ಲಿಂ ಹೆಂಗಸರು ನಮ್ಮ ಹಾಗೆಯೇ ವಾರಕ್ಕಿಷ್ಟು ಉಳಿತಾಯ ಕಟ್ಟುತ್ತಾರೆ, ನಮ್ಮ ಹಾಗೆಯೇ ಹೊಡೆತ ತಿನ್ನುತ್ತಾರೆ. ಅವರಲ್ಲೂ ವರದಕ್ಷಿಣೆ ಇದೆ, ಹೆಸರು ಬೇರೆ. ಗಂಡನ ಮೇಲೆ ದೂರು ಕೊಡೋಣವೇ ಎಂದರೆ, "ಬೇಡಕ್ಕಾ, ಮೊದಲೇ ನಮ್ಮ ಜನಕ್ಕೆ ಕೆಟ್ಟ ಹೆಸರು, ಇನ್ನು ನಾನೂ ಪೋಲೀಸರ ಕೈಗೆ ಕೊಡಲೇ" ಎಂದು ಹಿಂದೆ ಸರಿದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಹೊರಗಿನ ದ್ವೇಷ ಹೆಚ್ಚಿದಷ್ಟೂ ಮನೆಯೊಳಗಿನ ಗಂಡನಿಗೆ ಬಲ. ತಲಾಕಿನಲ್ಲಿ ನೊಂದ ಮುಸ್ಲಿಂ ಹೆಣ್ಣಿಗಾಗಿ ಕಣ್ಣೀರಿಟ್ಟವರು ಎಷ್ಟೋ ಮಂದಿ. ಅವರಲ್ಲಿ ಎಷ್ಟು ಜನ 2022ರ ಆಗಸ್ಟಿನಲ್ಲಿ ಬಾಯಿ ತೆರೆದರು? ವರದಕ್ಷಿಣೆ ನಿಷೇಧ ಕಾಯ್ದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತವೆ. ಹಾಗಿರುವಾಗ ಸಾಲದ ಪುಸ್ತಕ ಬೇರೆ ಬೇರೆ ಇದ್ದರೂ ಸರಿ, ತಿಂಗಳಿಗೊಮ್ಮೆಯಾದರೂ ಎರಡೂ ಓಣಿಯ ಸಂಘಗಳು ಒಟ್ಟಿಗೆ ಕೂರಲು ಅಡ್ಡಿಯೇನು?

ನಮ್ಮ ಸಭೆಯ ಆ ಗೆಳತಿಗೆ ಇನ್ನೊಂದನ್ನು ಕೇಳುವುದಿದೆ. ಆ 11 ಮಂದಿಯ ಮನೆಗಳಲ್ಲೂ ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು ಇದ್ದರಷ್ಟೇ. ಜೈಲಿನಿಂದ ಬಂದವರಿಗೆ ಅವರು ಬಾಗಿಲಲ್ಲಿ ಏನೆಂದಿರಬಹುದು? ಸೊಸೆ ಸುಟ್ಟು ಸತ್ತ ಮನೆಯಲ್ಲಿ ಅತ್ತೆ, ನಾದಿನಿ ಏನು ಹೇಳುತ್ತಾರೆಂದು ನಮಗೆ ಗೊತ್ತು. ಮಗ, ಅಣ್ಣ ಎಂಬ ಮೋಹ ಒಂದು ಕಡೆ, ಸತ್ತವಳು ಹೊರಗಿನವಳೆಂಬ ಭಾವನೆ ಇನ್ನೊಂದು ಕಡೆ. ನಾಳೆ ನಮ್ಮ ಊರಿನಲ್ಲೇ ಇಂಥದ್ದಾದರೆ, ಆರೋಪಿ ನಮ್ಮ ಸಂಘದ ಸದಸ್ಯೆಯ ಮಗನೇ ಆದರೆ, ಜಾಮೀನಿಗೆ ಸಂಘದ ಹಣ ಕೇಳಿದರೆ ನಾವೇನು ಮಾಡುತ್ತೇವೆ? ಈಗಲೇ ನಿಯಮಾವಳಿಯಲ್ಲಿ ಬರೆದಿಡುವುದು ಒಳ್ಳೆಯದು: ಹೆಣ್ಣಿನ ಮೇಲಿನ ದೌರ್ಜನ್ಯದ ಆರೋಪಿಗೆ, ಅವನು ಯಾರ ಮಗನೇ ಆಗಿರಲಿ, ಯಾವ ಧರ್ಮದವಳಿಗೇ ಅನ್ಯಾಯ ಮಾಡಿರಲಿ, ಸಂಘದಿಂದ ಸಾಲವಿಲ್ಲ, ರಾಜಿ ಪಂಚಾಯ್ತಿಗೆ ಸಂಘದವರು ಹೋಗುವುದಿಲ್ಲ. ಒಂದೆರಡು ಕಡೆ ಇದನ್ನು ಓದಿ ಹೇಳಿದಾಗ ಮೊದಲಿನ ಅರ್ಧಕ್ಕೆ ಎಲ್ಲರೂ ಕೈ ಎತ್ತಿದರು. "ಯಾವ ಧರ್ಮದವಳಿಗೇ" ಎಂಬ ಮಾತು ಬಂದಾಗ ಕೆಲವು ಕೈಗಳು ಕೆಳಗಿಳಿದವು. ಚರ್ಚೆ ಇನ್ನೂ ನಡೆಯುತ್ತಿದೆ. ನಡೆಯಲಿ.

ಬಿಲ್ಕಿಸ್‌ಳ ಕೇಸು ಪೂರ್ತಿ ಮುಗಿಯಿತೆಂದು ತಿಳಿಯಬೇಡಿ. 2024ರ ಜನವರಿ 21ರ ರಾತ್ರಿ ಆ 11 ಮಂದಿ ಗೋಧ್ರಾ ಜೈಲಿಗೆ ಮರಳಿದರು. ಅದಾದ ಒಂದೆರಡು ತಿಂಗಳಲ್ಲೇ ಒಬ್ಬನಿಗೆ ಬಂಧುಗಳ ಮದುವೆಗೆಂದು ಪೆರೋಲ್ ಸಿಕ್ಕಿತು. ಶಿಕ್ಷೆ ಮನ್ನಾ ಮಾಡಿರೆಂದು ಮಹಾರಾಷ್ಟ್ರ ಸರ್ಕಾರಕ್ಕೆ ಅರ್ಜಿ ಹಾಕುವ ದಾರಿಯನ್ನು ತೀರ್ಪು ಮುಚ್ಚಿಲ್ಲ. ಅಂಥ ಅರ್ಜಿ ಹೋದ ಸುದ್ದಿ ಬಂದ ದಿನ ನಮ್ಮ ಸಂಘಗಳ ನಿರ್ಣಯವೂ ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಮುಂಬಯಿಯ ಮಂತ್ರಾಲಯಕ್ಕೆ ಹೋಗಬೇಕು. ನಿರ್ಣಯದ ಕರಡು ಮಾಡಲು ನಾನು ಸಿದ್ಧಳಿದ್ದೇನೆ, ಸಹಿಗಳು ನಿಮ್ಮವು.